ತಮ್ಮ ತಂದ ಚಕ್ರಗಳು

ಜೀಪಿಗೆ ಚಕ್ರ ಆರಿಸುವ ವಿಚಾರದಲ್ಲಿ ನನಗೆ ಯಾರ ಸಲಹೆಯೂ ಬೇಕಿರಲಿಲ್ಲ. ಶಿಡ್ಲಘಟ್ಟದ ಹೊರಗೆ ನಮ್ಮದು ಚಾಕಿ ಸಾಕಣೆ ಕೇಂದ್ರ. ಮೊಟ್ಟೆಯೊಡೆದ ರೇಷ್ಮೆಹುಳುಗಳನ್ನು ಎರಡನೇ ಜ್ವರ, ಅಂದರೆ ಎರಡನೇ ಸಲ ಪೊರೆ ಬಿಡುವ ಹಂತ, ದಾಟುವವರೆಗೆ ಸಾಕಿ, ಆಮೇಲೆ ರೈತರ ಮನೆಗೆ ಮುಟ್ಟಿಸುತ್ತೇವೆ. ಮುಟ್ಟಿಸುವ ಕೆಲಸ ನನ್ನದು. ಬಿಸಿಲೇರುವ ಮುಂಚೆ, ಟ್ರೇಗಳು ಕುಲುಕದ ಹಾಗೆ, ಬಂಡೆ ಕೊರಕಲಿನ ದಾರಿಯಲ್ಲಿ ಗುಡ್ಡದ ಹಳ್ಳಿಗಳಿಗೆ ಹೋಗಬೇಕು. ಅದಕ್ಕೇ ಫೋರ್ ವೀಲ್ ಡ್ರೈವ್ ಜೀಪು ಇಟ್ಟುಕೊಂಡಿದ್ದೇನೆ. ಹೆಂಗಸು ಜೀಪು ಓಡಿಸುತ್ತಾಳೆಂದು ಮೊದಮೊದಲು ಕಣ್ಣರಳಿಸಿದವರು ಈಗ ಹುಳು ತಡವಾದರೆ ನನಗೇ ಫೋನ್ ಮಾಡಿ ಬೈಯುತ್ತಾರೆ.

ಹಳೆಯ ಚಕ್ರಗಳ ಅಂಚು ಬಾಗಿ ಗಾಳಿ ನಿಲ್ಲದಂತಾದಾಗ ಹೊಸವನ್ನು ಹುಡುಕತೊಡಗಿದೆ. ಬೇರೆಯವರು ಮೊದಲು ಬಣ್ಣ ನೋಡುತ್ತಾರೆ. ನಾನು ನೋಡುವುದು ನಟ್ಟು ಕೂರುವ ತೂತುಗಳನ್ನು. ನನ್ನ ಜೀಪಿಗೆ ಐದು ತೂತು. ಐದೂ ತೂತುಗಳ ನಡುಬಿಂದುವಿನ ಮೇಲೆ ಹಾದುಹೋಗುವ ವೃತ್ತದ ಅಡ್ಡಳತೆ ಐದೂವರೆ ಇಂಚು. ನಾಲ್ಕೋ ಆರೋ ಇದ್ದರೆ ಎದುರುಬದುರು ಟೇಪು ಹಿಡಿದರಾಯಿತು. ಐದರಲ್ಲಿ ಯಾವ ತೂತಿಗೂ ನೇರ ಎದುರು ಇನ್ನೊಂದು ಇರುವುದಿಲ್ಲ, ಎಲ್ಲರೂ ಎಡವುವುದು ಅಲ್ಲೇ. ಚಿಕ್ಕಬಳ್ಳಾಪುರದ ಅಂಗಡಿಯೊಂದರಲ್ಲಿ "ಎಲ್ಲಾ ಒಂದೇ ಮೇಡಂ" ಅಂದವನ ಕೈಗೆ ಟೇಪು ಕೊಟ್ಟು, ಅಳೆದು ತೋರಿಸಪ್ಪ ಅಂದೆ. ಅವನು ಟೀ ತರಿಸಿದ.

ಅಲಾಯ್ ಬೇಡ, ಉಕ್ಕಿನದೇ ಬೇಕು ಎಂದೂ ತೀರ್ಮಾನಿಸಿದ್ದೆ. ಬಂಡೆಗೆ ಬಡಿದರೆ ಉಕ್ಕು ಬಾಗುತ್ತದೆ, ಸುತ್ತಿಗೆಯಲ್ಲಿ ನೆಟ್ಟಗೆ ಮಾಡಿಕೊಂಡು ಮನೆ ಮುಟ್ಟಬಹುದು. ಅಲಾಯ್ ಸೀಳಿದರೆ ಹುಳು ಸಮೇತ ಅಲ್ಲೇ ಕೂರಬೇಕು. ಈಗ ಜೀಪಿನಲ್ಲಿರುವುದು ಉಕ್ಕಿನ ಚಕ್ರಗಳೇ.

ಅವುಗಳನ್ನು ಕೊಳ್ಳುವ ಮುಂಚೆ ತಮ್ಮ ಬಂದ. ನಗರಗೆರೆ ಹತ್ತಿರದ ತವರಿನ ಜಮೀನಿನಲ್ಲಿ ನನಗೂ ಭಾಗ ಬೇಕೆಂದು ಕೇಳಿದಂದಿನಿಂದ ಅವನು ಮಾತು ಬಿಟ್ಟಿದ್ದ. ಅಪ್ಪ ಅಮ್ಮ ಹೋದ ಮೇಲೆ ನನಗೆ ತವರು ಅಂದರೆ ಅವನೊಬ್ಬನೇ. ಯಾರಿಗೂ ತೋರಿಸಿಕೊಳ್ಳದಿದ್ದರೂ ಒಳಗೊಳಗೇ ಕೊರಗುತ್ತಿದ್ದೆ. ಹಾಗಾಗಿ ಅವನ ಗಾಡಿ ಮನೆ ಮುಂದೆ ನಿಂತಾಗ ಎದೆ ಹಗುರಾಯಿತು. ಗಾಡಿಯ ಹಿಂಬದಿಯಲ್ಲಿ ಫಳಫಳ ಹೊಳೆಯುವ ನಾಲ್ಕು ಕಪ್ಪು ಅಲಾಯ್ ಚಕ್ರಗಳು, ಅವುಗಳ ಮೇಲೆ ಅರಿಶಿನ, ಕುಂಕುಮ, ಬಳೆ, ರವಿಕೆ ಕಣ ಇಟ್ಟ ತಟ್ಟೆ.

"ನಿಂಗೋಸ್ಕರಾನೇ ತಂದೆ ಕಣಕ್ಕಾ. ಚಕ್ರ ಹುಡುಕ್ತಿದ್ದೀಯ ಅಂತ ಭಾವ ಅಂದ್ರು."

ಒಂದನ್ನು ತಿರುಗಿಸಿ ನೋಡಿದೆ. ಐದೇ ತೂತು, ಆದರೆ ದುಂಡಗಿರಲಿಲ್ಲ. ಒಂದೊಂದನ್ನೂ ಹೊರಗಡೆಗೆ ಉಜ್ಜಿ ಮೊಟ್ಟೆಯ ಆಕಾರ ಮಾಡಿದ್ದರು.

"ಇದನ್ನ ಅರದಲ್ಲಿ ಉಜ್ಜಿಸಿದ್ದೀಯೇನೋ?"

"ಒಂಚೂರು ಚಿಕ್ಕ ಅಳತೆ ಇತ್ತು, ಅಂಗಡಿಯವ್ನೇ ಸರಿ ಮಾಡ್ಕೊಟ್ಟ. ಪರವಾಲೇದಕ್ಕಾ, ನಟ್ಟು ಬಿಗಿ ಮಾಡಿದ್ರೆ ಕೂತ್ಕೊಳ್ಳುತ್ತೆ," ಎಂದು ತೆಲುಗು ಬೆರೆಸಿ ಸಮಾಧಾನ ಹೇಳಿದ.

"ಟಾರ್ ರೋಡಲ್ಲಿ ಕೂತ್ಕೊಳ್ಳುತ್ತೆ. ಬಂಡೆ ಮೇಲೆ ಚಕ್ರ ಜರುಗಿ ನಟ್ಟು ಸಡ್ಲ ಆಗುತ್ತೆ. ನಾನು ಹಾಕಲ್ಲ."

ಅವನ ಮುಖ ಇಳಿಯಿತು. "ಚಕ್ರ ಹೋಗ್ಲಿ ಬಿಡು, ತಟ್ಟೆನಾದ್ರೂ ತಗೋ. ನಾಡಿದ್ದು ಗೌರಿಬಿದನೂರಿನ ರಿಜಿಸ್ಟ್ರಾರ್ ಆಫೀಸಿಗೆ ಬಂದು ಒಂದು ಸೈನ್ ಹಾಕ್ಬಿಡು."

ಆಗ ಅರ್ಥವಾಯಿತು. ನಮ್ಮ ಕಡೆ ಹೆಣ್ಣುಮಕ್ಕಳು ಅರಿಶಿನ ಕುಂಕುಮಕ್ಕೆ ಎಂದು ಏನಾದರೊಂದು ತೆಗೆದುಕೊಂಡು ತವರಿನ ಆಸ್ತಿಯ ಹಕ್ಕು ಬಿಟ್ಟುಕೊಡುವುದು ರೂಢಿ. ಸೀರೆ ಪಡೆದು ಸಹಿ ಹಾಕಿದವರಿದ್ದಾರೆ, ಓಲೆ ಪಡೆದವರಿದ್ದಾರೆ. ನನ್ನ ತಮ್ಮ ಚಕ್ರ ತಂದಿದ್ದ. ಸಿಟ್ಟು ನೆತ್ತಿಗೇರಿತು. ಜೊತೆಗೆ, ಸುಳ್ಳೇಕೆ, ಅಕ್ಕನಿಗೆ ಸೀರೆ ತಂದರೆ ನಡೆಯುವುದಿಲ್ಲ ಎಂದು ಇವನಿಗೆ ಗೊತ್ತಿದೆಯಲ್ಲ ಎಂದು ಪ್ರೀತಿಯೂ ಬಂತು.

"ಸೈನ್ ಹಾಕಲ್ಲ ಕಣೋ. ನನ್ನ ಭಾಗ ನಂಗೆ ಬೇಕು," ಅಂದೆ.

"ಅಂದ್ರೆ ನಾನು ಬೇಡ್ವಾ?"

"ನೀನೂ ಬೇಕು. ಒಂದು ಕೊಟ್ಟು ಇನ್ನೊಂದು ತಗೊಳ್ಳೋಕೆ ಇದೇನು ಸಂತೆನಾ?"

ಅವನು ಬೆನ್ನು ತಿರುಗಿಸಿ ನಿಂತ. ಹೋದರೆ ಹೋಗಲಿ ಎಂದು ನನ್ನ ಬಾಯಿ ಹೇಳಬಹುದಿತ್ತು, ಮನಸ್ಸು ಒಪ್ಪುತ್ತಿರಲಿಲ್ಲ. ಒಳಗೆ ಹೋಗಿ ಮುದ್ದೆಗೆ ಎಸರಿಟ್ಟೆ. ಮುನಿಸಿಕೊಂಡವರ ಮನೆಯಲ್ಲಿ ನಮ್ಮವರು ನೀರೂ ಮುಟ್ಟುವುದಿಲ್ಲ. ಗಾಡಿ ಸ್ಟಾರ್ಟ್ ಆಗುವ ಸದ್ದಿಗೆ ಕಿವಿಗೊಟ್ಟುಕೊಂಡೇ ಹಿಟ್ಟು ತಿರುವಿದೆ.

ಸದ್ದು ಬರಲಿಲ್ಲ. ಅವನು ಹಿತ್ತಲ ತೊಟ್ಟಿಯಲ್ಲಿ ಕೈಕಾಲು ತೊಳೆದು ಒಳಗೆ ಬಂದು ಗೋಡೆಗೊರಗಿ ಕುಳಿತ. ಭಾಗದ ಮಾತಿಗೆ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಬಡಿಸಿದ್ದನ್ನು ತಲೆ ತಗ್ಗಿಸಿ ಉಂಡ. "ಸಾರಿಗೆ ಅಮ್ಮನ ಥರಾನೇ ಖಾರ ಹಾಕ್ತೀಯ," ಅಂದು ಇನ್ನೊಂದು ಮುದ್ದೆ ಕೇಳಿದ.