ಪಂಚಮಿಯ ಪಂಥ, ಗಿರಣಿಯ ಟೀಮು

ನಾಗರ ಪಂಚಮಿ ಬರುವ ಹೊತ್ತಿಗೆ ನಮ್ಮ ಟೀಮಿನ ಅರ್ಧ ಪಂದ್ಯಗಳು ಮುಗಿದಿರುತ್ತಿದ್ದವು, ಪೂರ್ತಿ ಮರ್ಯಾದೆ ಹೋಗಿರುತ್ತಿತ್ತು. ನಮ್ಮ ಟೀಮು ಅಂದರೆ ಇಂಡಿ ಊರಿನದಲ್ಲ, ಸೊಲ್ಲಾಪುರದ ಒಂದು ಬಟ್ಟೆ ಗಿರಣಿಯದು. ಅಲ್ಲಿಯ ಗಿರಣಿಗಳು ಮಳೆಗಾಲದಲ್ಲಿ ತಮ್ಮತಮ್ಮೊಳಗೆ ಫುಟ್‌ಬಾಲ್ ಲೀಗ್ ಆಡಿಸುತ್ತಿದ್ದವು. ಆಟಗಾರರಿಗೆ ಪಗಾರ ಗಿರಣಿಯದೇ. ಬೆಳಿಗ್ಗೆ ಮಗ್ಗದ ಮುಂದೆ, ಸಂಜೆ ಚೆಂಡಿನ ಹಿಂದೆ. ಎಪ್ಪತ್ತರ ದಶಕದ ಆ ವರ್ಷಗಳಲ್ಲಿ ನಾನು ಇಂಡಿ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಹಗಲೆಲ್ಲ ಹುಡುಗರಿಗೆ ಲೆಕ್ಕ ಕಲಿಸಿ, ಸಂಜೆ ಆ ಟೀಮು ಹೇಗೆ ಮುಳುಗುತ್ತದೆ ಎಂಬ ಲೆಕ್ಕ ಹಾಕುತ್ತ ಕೂಡುತ್ತಿದ್ದೆ.

ಪರರಾಜ್ಯದ ಗಿರಣಿಯ ಮೇಲೆ ನಮಗೇಕೆ ಇಷ್ಟು ಪ್ರೀತಿ ಅಂದರೆ, ಅದರಲ್ಲಿ ನಮ್ಮೂರಿನ ಹುಡುಗನೊಬ್ಬ ಆಡುತ್ತಿದ್ದ. ನನ್ನ ಶಾಲೆಯ ಮೈದಾನದಲ್ಲೇ ಬರಿಗಾಲಲ್ಲಿ ಆಡಿ ಕಲಿತವನು. ಎಡಗಾಲಿನವ. ಅವನ ಒದೆತ ಹೇಗಿತ್ತೆಂದು ಈಗಿನವರಿಗೆ ಹೇಳಿದರೆ ನಂಬುವುದಿಲ್ಲ, ಹಾಗಾಗಿ ಹೇಳುವುದೂ ಇಲ್ಲ. ತಂದೆ ಇರಲಿಲ್ಲ. ತಾಯಿ ಊರಿನ ಲಿಂಬಿ ದಲಾಲಿ ಅಂಗಡಿಯಲ್ಲಿ ಹಣ್ಣು ಆರಿಸುವ ಕೆಲಸಕ್ಕಿದ್ದಳು. ದಿನವಿಡೀ ಒಡೆದ ಹಣ್ಣಿನ ರಸದಲ್ಲಿ ಕೈಯಾಡಿಸಿ ಆಕೆಯ ಬೆರಳಿನ ಸಂದುಗಳು ಸುಲಿದುಹೋಗಿದ್ದವು, ಉಪ್ಪು ಮುಟ್ಟಲಿಕ್ಕೂ ಆಗುತ್ತಿರಲಿಲ್ಲ.

ಆ ದಲಾಲಿ ಅಂಗಡಿಯೇ ನಮ್ಮ ಅಡ್ಡೆ. ಅಂಗಡಿಯ ಯಜಮಾನರನ್ನು ಊರೆಲ್ಲ ಕಾಕಾ ಅನ್ನುತ್ತಿತ್ತು. ಲಿಂಬಿ ತುಂಬಿಕೊಂಡು ಸೊಲ್ಲಾಪುರಕ್ಕೆ ಹೋದ ಲಾರಿ ಮರಳಿ ಬಂದಾಗ ಡ್ರೈವರ್ ಇಳಿಯುವ ಮೊದಲೇ ಕಾಕಾ ಕೇಳುತ್ತಿದ್ದದ್ದು ಲಿಂಬಿಯ ದರ ಅಲ್ಲ, ಪಂದ್ಯದ ಸುದ್ದಿ. ಸೋತರೂ ಅವರಿಗೆ ಬೇಸರ ಇಲ್ಲ. ‘ಮುಂದಿನ ಮ್ಯಾಚ್ ನಮ್ದ’ ಅನ್ನುವವರು. ನಾನೋ, ಗೆದ್ದ ದಿನವೂ ಮುಂದೆ ಹೇಗೆ ಸೋಲುತ್ತೇವೆ ಎಂದು ವಿವರಿಸುತ್ತಿದ್ದೆ. ಹಿಂದಿನಿಂದ ನನ್ನನ್ನು ಶನಿ ಮಾಸ್ತರ ಅನ್ನುತ್ತಿದ್ದರು. ಅನ್ನಲಿ. ನನ್ನ ಲೆಕ್ಕ ಸುಳ್ಳಾದದ್ದು ಕಡಿಮೆ.

ಆ ವರ್ಷವಂತೂ ಸ್ಥಿತಿ ಕೆಟ್ಟಿತ್ತು. ಗೋಲ್‌ಕೀಪರ್ ರಾತ್ರಿ ಪಾಳಿ ಮುಗಿಸಿ ಬಂದು ಕಂಬಕ್ಕೆ ಒರಗಿ ನಿಲ್ಲುವವ. ಚೆಂಡು ಬಲೆಗೆ ಬಡಿದ ಸಪ್ಪಳಕ್ಕೆ ಎಚ್ಚರಾಗುತ್ತಿದ್ದ. ಹಿಂದಿನ ಸಾಲಿನ ಇಬ್ಬರಲ್ಲಿ ಒಬ್ಬನಿಗೆ ಮೊಮ್ಮಗ ಹುಟ್ಟಿದ್ದ, ಇನ್ನೊಬ್ಬನಿಗೆ ಹುಟ್ಟುವುದರಲ್ಲಿತ್ತು. ಮುಂಬಯಿಯಿಂದ ಹೊಸದಾಗಿ ಕರೆಸಿದ ಒಬ್ಬ ಇದ್ದ, ಚೆಂಡಿಗಿಂತ ಕೂದಲನ್ನು ಹೆಚ್ಚು ಸಂಭಾಳಿಸುತ್ತಿದ್ದ. ಉಳಿದ ಅರ್ಧದಲ್ಲಿ ಬಲವಾದ ಟೀಮುಗಳೇ ಎದುರಿಗಿದ್ದವು. ಕೊನೆಯ ಎರಡು ಸ್ಥಾನದಲ್ಲಿ ನಿಂತರೆ ಟೀಮನ್ನೇ ಮುಚ್ಚುವುದಾಗಿ ಗಿರಣಿಯ ಹೊಸ ಮ್ಯಾನೇಜರು ಹೇಳಿಬಿಟ್ಟಿದ್ದ. ನಮ್ಮ ಹುಡುಗ ಎಲ್ಲ ಪಂದ್ಯ ಆಡಿದರೆ ಉಳಿಯಬಹುದು, ಒಂದೆರಡು ತಪ್ಪಿದರೆ ಗೋವಿಂದ. ಇದು ನನ್ನ ಲೆಕ್ಕ.

ಟೀಮು ಮುಚ್ಚಿದರೆ ನಮಗೆ ಸಂಜೆಯ ಹರಟೆ ಹೋಗುತ್ತಿತ್ತು, ಅಷ್ಟೇ. ಹುಡುಗನಿಗೆ ಹೋಗುವುದು ಬೇರೆ ಇತ್ತು. ಅವನು ಇನ್ನೂ ಬದಲಿ ಕೆಲಸಗಾರ. ಬೆಳಿಗ್ಗೆ ಗಿರಣಿ ಗೇಟಿನ ಮುಂದೆ ನಿಲ್ಲಬೇಕು; ಯಾರಾದರೂ ರಜೆ ಇದ್ದರೆ ಒಳಗೆ, ಇಲ್ಲದಿದ್ದರೆ ಮನೆಗೆ. ಸೀಜನ್ ಮುಗಿದ ಮೇಲೆ ಕಾಯಂ ಮಾಡುತ್ತೇವೆ ಎಂದು ಮಾತು ಕೊಟ್ಟಿದ್ದರು. ಕಾಯಂ ಆದವರಿಗೆ ಗಿರಣಿಯ ಚಾಳಿನಲ್ಲಿ ವಾಸಕ್ಕೆ ಒಂದು ಖೋಲಿ. ಖೋಲಿ ಸಿಕ್ಕ ದಿನವೇ ತಾಯಿಯನ್ನು ಲಿಂಬಿಯಿಂದ ಬಿಡಿಸಿ ಕರೆದುಕೊಂಡು ಹೋಗುವುದು ಅವನ ಆಸೆ. ಆಸೆ ಅನ್ನುವುದಕ್ಕಿಂತ ಅವನು ಬದುಕಿದ್ದೇ ಅದಕ್ಕೆ.

ಆ ಗಿರಣಿಯದು ಇನ್ನೊಂದು ಪದ್ಧತಿ ಇತ್ತು. ಮೈದಾನದಲ್ಲಿ ಗಿರಣಿಗಾಗಿ ಆಡುವಾಗ ಕೈಕಾಲು ಮುರಿದುಕೊಂಡವನನ್ನು ಅವರು ಬಿಟ್ಟುಕೊಡುತ್ತಿರಲಿಲ್ಲ. ಗೇಟಿನಲ್ಲಿ ವಾಚ್‌ಮನ್ ಆಗಿ ಕೂತಿದ್ದ ಇಬ್ಬರೂ ಹಳೆಯ ಆಟಗಾರರು, ಇಬ್ಬರೂ ಕುಂಟರು, ಇಬ್ಬರೂ ಕಾಯಂ.

ಪಂಚಮಿಗೆ ಹುಡುಗ ಊರಿಗೆ ಬಂದ. ನಮ್ಮ ಕಡೆ ಪಂಚಮಿ ಅಂದರೆ ಹೆಣ್ಣುಮಕ್ಕಳಿಗೆ ಜೋಕಾಲಿ, ಗಂಡಸರಿಗೆ ಪಂಥ. ಜೋಳದ ಚೀಲ ಹೊತ್ತು ಗುಡಿ ಸುತ್ತುವ ಪಂಥ, ಕಣ್ಣು ಕಟ್ಟಿಕೊಂಡು ಹೊಲ ದಾಟುವ ಪಂಥ, ಎಲ್ಲಕ್ಕಿಂತ ಹೆಚ್ಚಾಗಿ ಲಿಂಬಿಹಣ್ಣನ್ನು ದೂರ ಬೀಸಿ ಒಗೆಯುವ ಪಂಥ. ಇಂಥ ಜಾಗದಿಂದ ಇಂಥ ಜಾಗಕ್ಕೆ ಇಷ್ಟು ಒಗೆತದಲ್ಲಿ ಮುಟ್ಟಿಸುತ್ತೇನೆ ಎಂದು ಒಬ್ಬ ಕಟ್ಟುತ್ತಾನೆ, ಆಗುವುದಿಲ್ಲ ಎಂದು ಇನ್ನೊಬ್ಬ. ಹಣ್ಣು ಬಿದ್ದಲ್ಲಿಂದಲೇ ಮತ್ತೆ ಒಗೆಯಬೇಕು, ಮುಳ್ಳಿರಲಿ ಕೆಸರಿರಲಿ. ನಡುವೆ ಕೂತರೆ ಸೋತಂತೆ. ಹೆಸರಿಟ್ಟು ಕಟ್ಟಿದ ಪಂಥವನ್ನು ಒಲ್ಲೆ ಅಂದವನಿಗೆ ಓಣಿಯಲ್ಲಿ ನಿಲ್ಲಿಸಿ ಬಳೆ ತೊಡಿಸುತ್ತಿದ್ದರು. ಬುದ್ಧಿ ಇರುವ ಜನ ನಾವು, ಹಬ್ಬದ ದಿನ ಮಾತ್ರ ಅದನ್ನು ಗೂಟಕ್ಕೆ ಹಾಕಿ ಬರುತ್ತಿದ್ದೆವು.

ಸಾಲೋಟಗಿಯಿಂದ ಬಂದ ಒಬ್ಬ ಗಟ್ಟಿ ಆಳು ಊರ ಅಗಸಿ ಬಾಗಿಲಿನಿಂದ ಹಳ್ಳದವರೆಗೆ ಲಿಂಬಿ ಒಗೆದು ಗೆದ್ದು ಮೀಸೆ ತಿರುವಿದ. ಕಾಕಾಗೆ ತಡೆಯಲಿಲ್ಲ.

“ಕೈಲೆ ಯಾರರ ಒಗೀತಾರ. ನಮ್ಮ ಹುಡುಗ ಇದ ಹಾದಿ ಚೆಂಡು ಒದ್ದು ಮುಟ್ಟಸ್ತಾನ, ಐವತ್ತ ಒದೆತದಾಗ.”

“ಗ್ರೌಂಡನ್ಯಾಗ ಒದ್ದಂಗಲ್ಲ ಕಾಕಾ, ಎರಿ ಹೊಲದಾಗ ಒದಿಯೋದು,” ಎಂದ ಸಾಲೋಟಗಿಯವನು.

ಹುಡುಗ ಕೈಮುಗಿದ. “ನಾಡಿದ್ದ ಮ್ಯಾಚ್ ಐತ್ರಿ ಕಾಕಾ. ಮಳಿ ಬ್ಯಾರೆ ಆಗೇತಿ.”

“ಮ್ಯಾಚ್ ನಾಡಿದ್ದ ಐತಿ, ಪಂಥ ಇವತ್ತ ಐತಿ. ನಾ ನಿನ್ನ ಹೆಸರು ತಗೊಂಡೇನಿ.”

ಬೇಡ ಎಂದು ನಾನು ಹೇಳಿದೆ. ಕಾಲು ಗಿರಣಿಯದು, ಹಬ್ಬದ್ದಲ್ಲ ಅಂತಲೂ ಹೇಳಿದೆ. ಯಾರೋ ಹಿಂದಿನಿಂದ “ಶನಿ ಮಾಸ್ತರಗ ಮದ್ಲ ಬಳಿ ತೊಡಸ್ರಿ” ಅಂದ, ಎಲ್ಲರೂ ನಕ್ಕರು. ಹುಡುಗನೂ ನಕ್ಕು, ಮನೆಗೆ ಹೋಗಿ ಚೆಂಡು ತಂದ.

ಮೊದಲರ್ಧ ಹಾದಿ ನೋಡುವ ಹಾಗಿತ್ತು, ಸುಳ್ಳು ಯಾಕೆ ಹೇಳಲಿ. ಚೆಂಡು ಜಾಲಿಗಿಡಗಳ ಮೇಲಿಂದ ಹಾರಿ ಹೋಗುತ್ತಿತ್ತು, ಜನ ಕೂಗುತ್ತ ಅದರ ಹಿಂದೆ ಓಡುತ್ತಿದ್ದರು. ಒಮ್ಮೆ ಅದು ಹಾದಿ ಬಿಟ್ಟು ಹರಗಿದ ಹೊಲದಲ್ಲಿ ಬಿತ್ತು. ಹಿಂದಿನ ದಿನದ ಮಳೆಗೆ ಎರಿಯ ಕಪ್ಪು ಮಣ್ಣು ಅಂಟಾಗಿತ್ತು. ಅವನು ಬಲಗಾಲು ಊರಿ ಎಡಗಾಲು ಬೀಸಿದ. ಮೈ ತಿರುಗಿತು, ಊರಿದ ಪಾದ ತಿರುಗಲಿಲ್ಲ. ಮಣ್ಣು ಅದನ್ನು ಹಿಡಿದುಕೊಂಡಿತ್ತು. ಒಣ ತೊಗರಿ ಕಟ್ಟಿಗೆ ಮುರಿದಂಥ ಸಣ್ಣ ಸಪ್ಪಳ ಬಂತು. ಬಿದ್ದ. ಎದ್ದ. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಕೂತರೆ ಸೋತಂತೆ, ಆದ್ದರಿಂದ ಕೂಡಲಿಲ್ಲ. ಉಳಿದ ಹಾದಿಯನ್ನು ಬಲಗಾಲು ಎಳೆದುಕೊಂಡೇ ಒದ್ದು ಮುಗಿಸಿದ. ಹಳ್ಳ ಮುಟ್ಟಿದಾಗ ಲೆಕ್ಕದಲ್ಲಿ ಇನ್ನೂ ಒದೆತಗಳು ಉಳಿದಿದ್ದವು. ಕಾಕಾ ಅವನ ಮೇಲೆ ಗುಲಾಲು ಎರಚಿ ಕಣ್ಣೀರು ಹಾಕಿದರು. ಹೆಗಲ ಮೇಲೆ ಹೊತ್ತು ತಂದರು, ಹಾಗಾಗಿ ಅವನು ನಡೆಯಲಾರ ಎಂಬುದು ಯಾರಿಗೂ ತಿಳಿಯಲಿಲ್ಲ.

ಮರುದಿನ ಮೊಣಕಾಲು ತೆಂಗಿನಕಾಯಿಯಷ್ಟಾಗಿತ್ತು. ತಾಯಿ ಎಕ್ಕೆಯ ಎಲೆ ಬಿಸಿ ಮಾಡಿ ಕಟ್ಟಿದಳು. ಬಾವು ನೋಡಲು ಬಂದವರು ಅದನ್ನೂ ಮೆಚ್ಚಿ ಹೋದರು.

ಜ್ವರ ಎಂದು ಹೇಳಿ ಅವನು ಎರಡು ಪಂದ್ಯ ತಪ್ಪಿಸಿಕೊಂಡ. ಟೀಮು ಎರಡನ್ನೂ ಸೋತಿತು. ಮೂರನೆಯದಕ್ಕೆ ಆಡುತ್ತಾನೆ ಎಂದು ಲಾರಿಯವನು ಸುದ್ದಿ ತಂದ. ಕಾಕಾ ನಮ್ಮನ್ನೆಲ್ಲ ಕಟ್ಟಿಕೊಂಡು ಇಂಡಿ ರೋಡ್ ಸ್ಟೇಷನ್ನಿನಿಂದ ಸೊಲ್ಲಾಪುರಕ್ಕೆ ರೈಲು ಹತ್ತಿಸಿದರು. ಬುತ್ತಿಯಲ್ಲಿ ಶೇಂಗಾ ಹೋಳಿಗೆ, ಕೈಯಲ್ಲಿ ಹೂವಿನ ಹಾರ. ಸೋಲುವ ಟೀಮಿಗೆ ಹಾರ ಒಯ್ಯುವವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮೈದಾನದಲ್ಲಿ ಉಳಿದವರು ಜಾಗ ಹಿಡಿಯಲು ಹೋದಾಗ ಹುಡುಗ ಬೇಲಿಯ ಹತ್ತಿರ ನನ್ನನ್ನು ಕರೆದ. ಮೊಣಕಾಲಿಗೆ ಬಿಗಿಯಾಗಿ ಪಟ್ಟಿ ಸುತ್ತಿ ಮೇಲೆ ಉದ್ದ ಕಾಲುಚೀಲ ಎಳೆದುಕೊಂಡಿದ್ದ.

“ಸರ್ರ, ಈ ಕಾಲು ಇನ್ನ ಆಡಂಗಿಲ್ರಿ. ನನಗ ಗೊತ್ತಾಗೇತಿ. ಇವತ್ತ ಹತ್ತ ನಿಮಿಷ ಆಡ್ತೇನಿ, ಬೀಳ್ತೇನಿ. ಗ್ರೌಂಡನ್ಯಾಗ ಬಿದ್ದದ್ದು ಅಂದ್ರ ಗಿರಣಿಯವ್ರು ಕೈ ಬಿಡಂಗಿಲ್ಲ. ಗೇಟಿನ ಕೆಲಸಾದ್ರೂ ಕಾಯಂ ಆಕ್ಕೈತಿ. ಖೋಲಿ ಸಿಗ್ತೈತಿ. ಅವ್ವನ್ನ ಕರಕೊಂಡ ಬರ್ತೇನಿ.”

“ಬ್ಯಾರೆ ಯಾರಿಗೆ ಗೊತ್ತೈತಿ?”

“ಕ್ಯಾಪ್ಟನ್‌ಗ ಅಷ್ಟ. ಪಂಥದ ಸುದ್ದಿ ಇಲ್ಲಿ ಯಾರಿಗೂ ಗೊತ್ತಿಲ್ರಿ. ನಮ್ಮೂರವ್ರಿಗೆ ಒಂದಿಷ್ಟ ಹೇಳ್ರಿ, ಬಾಯಿ ಬಿಡಬ್ಯಾಡ್ರಿ ಅಂತ.”

ಇದು ಮೋಸವೇ ಎಂದು ಯಾರಾದರೂ ಕೇಳಬಹುದು. ನಾನು ಆಗಲೂ ಹಾಗೆ ಅಂದುಕೊಳ್ಳಲಿಲ್ಲ, ಈಗಲೂ ಅಂದುಕೊಳ್ಳುವುದಿಲ್ಲ. ಮೂರು ಮಳೆಗಾಲ ಆ ಕಾಲು ಗಿರಣಿಯ ಹೆಸರು ಹೊತ್ತು ಓಡಿತ್ತು. ಆಯಿತಪ್ಪಾ ಎಂದು ಹೇಳಿ, ಜನರ ನಡುವೆ ನುಗ್ಗಿಕೊಂಡು ನಮ್ಮವರ ಕಡೆಗೆ ಹೋದೆ.

ಕಾಕಾ ಎದ್ದು ನಿಂತಿದ್ದರು. ಅವರ ಪಕ್ಕದ ಕುರ್ಚಿಯಲ್ಲಿ ಬಿಳಿ ಅಂಗಿ, ಬಿಳಿ ಪ್ಯಾಂಟಿನ ಒಬ್ಬರು ಕೂತು ತಲೆಯೆತ್ತಿ ಕೇಳುತ್ತಿದ್ದರು. ಗಿರಣಿಯ ಲೇಬರ್ ಆಫೀಸರ್ ಅಂತ ನನಗೆ ಮುಖ ಗೊತ್ತಿತ್ತು. ಕಾಕಾ ಒಳ್ಳೆಯ ಮರಾಠಿಯಲ್ಲಿ, ಕೈ ಬೀಸಿ, ನಡುವೆ ತೊಡೆ ತಟ್ಟಿ, ಪಂಥದ ಕಥೆ ಹೇಳುತ್ತಿದ್ದರು. ಹೊಲದಲ್ಲಿ ಹೇಗೆ ಬಿದ್ದ, ಮೊಣಕಾಲು ಹೇಗೆ ಲಟಕ್ ಅಂದಿತು, ಆ ಮುರುಕು ಕಾಲಲ್ಲೇ ಹಳ್ಳ ಹೇಗೆ ಮುಟ್ಟಿದ, ಮರುದಿನ ಬಾವು ಎಷ್ಟು ದಪ್ಪ ಇತ್ತು.

“ಕಾಕಾ, ಕುಂದರ್ರಿ, ಆಟ ಸುರು ಆತು,” ಎಂದು ಅವರ ಅಂಗಿ ಜಗ್ಗಿದೆ.

“ನಡು ಬಾಯಿ ಹಾಕಬ್ಯಾಡ್ರಿ ಮಾಸ್ತರ. ಸಾಹೇಬ್ರಿಗೆ ಗೊತ್ತಾಗಲಿ ನಮ್ಮ ಹುಡುಗ ಎಂಥಾವ ಅಂತ. ಕಾಯಂ ಮಾಡೋದು ಇವರ ಕೈಯಾಗ ಐತಿ.”

ಅವರು ಅದಕ್ಕಾಗಿಯೇ ಹೇಳುತ್ತಿದ್ದರು. ಶಿಫಾರಸು ಮಾಡುತ್ತಿದ್ದರು. ಒಂದು ಪಂಥಕ್ಕೆ ಮುರಿದ ಕಾಲಲ್ಲಿ ನಡೆದವನು ಗಿರಣಿಗಾಗಿ ಏನು ತಾನೆ ಮಾಡಲಿಕ್ಕಿಲ್ಲ ಎಂದು ಮುಗಿಸಿ, ಬುತ್ತಿ ಬಿಚ್ಚಿ ಸಾಹೇಬರಿಗೆ ಹೋಳಿಗೆ ಕೊಟ್ಟರು. ಅವರು ಹೋಳಿಗೆ ತಗೊಂಡರು. “ಯಾವ ದಿವಸ ಅಂದ್ರಿ?” ಎಂದು ಮರಾಠಿಯಲ್ಲಿ ಕೇಳಿದರು. ಕಾಕಾ ಹೆಮ್ಮೆಯಿಂದ ಪಂಚಮಿ ಅಂದರು.

ಹತ್ತು ನಿಮಿಷವೂ ಬೇಕಾಗಲಿಲ್ಲ. ಹುಡುಗ ಎಡ ಬದಿಯಲ್ಲಿ ಚೆಂಡು ಹಿಡಿದು ಓಡಿದ. ಎದುರಾಳಿ ಹತ್ತಿರ ಬರುತ್ತಿದ್ದಂತೆ ಬಲಗಾಲು ಊರಿ ತಿರುಗಿದ. ಬಿದ್ದ. ಬೀಳುವುದನ್ನು ಅವನು ಮೊದಲೇ ಯೋಚಿಸಿದ್ದ, ಆದರೆ ಆ ಕೂಗು ಯೋಚಿಸಿದ್ದಲ್ಲ. ನನ್ನ ಕಿವಿಯಲ್ಲಿ ಅದು ಈಗಲೂ ಇದೆ. ನಾಲ್ಕು ಜನ ಎತ್ತಿಕೊಂಡು ಹೊರಗೆ ತಂದರು. ಹೊರಗೆ ತರುವಾಗ ಅವನು ನಮ್ಮ ಕಡೆ ನೋಡಿದ, ನೋವಿನಲ್ಲೂ ಮುಖದ ಮೇಲೆ ಒಂದು ಸಮಾಧಾನ ಇತ್ತು. ಕೆಲಸ ಆಯಿತು ಅನ್ನುವಂಥದ್ದು. ನಾನು ಕೆಳಗೆ ನೋಡಿದೆ.

ಆಫೀಸರ್ ಕೈ ಒರೆಸಿಕೊಂಡು ಎದ್ದರು. ಪಾಪ, ಒಳ್ಳೆಯ ಆಟಗಾರ, ಅಂದರು. ಹೋದರು.

ಗಿರಣಿ ದವಾಖಾನೆಗೆ ಸೇರಿಸಲಿಲ್ಲ, ಗೇಟಿನಲ್ಲಿ ಕುರ್ಚಿಯನ್ನೂ ಕೊಡಲಿಲ್ಲ. ಗಾಯ ಮೊದಲೇ ಆದದ್ದು, ಮೈದಾನದ್ದಲ್ಲ, ಅದನ್ನು ಮುಚ್ಚಿಟ್ಟು ಆಡಿದ್ದಾನೆ ಎಂದರು. ಬದಲಿಯವರ ಸಾಲಿನಿಂದಲೂ ಅವನ ಹೆಸರು ಹೋಯಿತು. ನನ್ನ ಲೆಕ್ಕವೂ ಆ ವರ್ಷ ಸುಳ್ಳಾಯಿತು. ನಿದ್ದೆಗಣ್ಣಿನ ಗೋಲ್‌ಕೀಪರನಿಗೆ ಯಾವ ದೇವರು ಮೈಮೇಲೆ ಬಂದನೋ, ಕೊನೆಯ ಪಂದ್ಯಗಳಲ್ಲಿ ಒಂದು ಚೆಂಡೂ ಒಳಗೆ ಬಿಡಲಿಲ್ಲ. ಟೀಮು ಉಳಿಯಿತು. ಮುಂಬಯಿಯ ಆ ಕೂದಲಿನವನು ಕಾಯಂ ಆದ.

ಹುಡುಗ ಊರಿಗೆ ಮರಳಿ ಬಂದ. ನಿಂತು ಮಾಡುವ ಕೆಲಸ ಆಗುತ್ತಿರಲಿಲ್ಲ. ಕಾಕಾ ದೊಡ್ಡ ಮನಸ್ಸಿನವರು, ತಾಯಿಯ ಪಕ್ಕದಲ್ಲೇ ಒಂದು ಗೋಣಿತಟ್ಟು ಹಾಸಿ ಲಿಂಬಿ ಆರಿಸಲು ಕೂಡಿಸಿದರು. ಒಂದೆರಡು ತಿಂಗಳಲ್ಲಿ ಅವನ ಬೆರಳ ಸಂದುಗಳೂ ಸುಲಿದವು.

ಕಾಕಾ ಸಾಹೇಬರಿಗೆ ಹೇಳಿದ್ದನ್ನು ಹುಡುಗನಿಗೆ ನಾನೇ ತಿಳಿಸಿದ್ದೆ. ಅದರಿಂದ ಏನಾಯಿತೆಂದು ಕಾಕಾಗೂ ಹೇಳಬೇಕೆಂದು ಸಿಟ್ಟಿನಿಂದ ಹೊರಟಿದ್ದೆ. ಹುಡುಗನೇ ತಡೆದ. “ಬ್ಯಾಡ್ರಿ ಸರ್ರ. ಗೊತ್ತಾದ್ರ ಮುದುಕ ಸಾಯ್ತಾನ. ನನಗ ಛಲೋ ಆಗಲಿ ಅಂತನ ಹೇಳ್ಯಾನ.” ಹಾಗಾಗಿ ಕಾಕಾಗೆ ಕೊನೆಯವರೆಗೂ ತಿಳಿಯಲಿಲ್ಲ. ಗಿರಣಿಯವರು ಹರಾಮಖೋರರು ಎಂದು ಬೈದು, ಹೊರ್ತಿಯಿಂದಲೋ ಸಿಂದಗಿಯಿಂದಲೋ ಹೊಸ ವ್ಯಾಪಾರಿ ಬಂದಾಗಲೆಲ್ಲ ಚಹಾ ತರಿಸಿ ಪಂಥದ ಕಥೆ ಶುರು ಮಾಡುತ್ತಿದ್ದರು. ಮುಗಿಸಿ, ಲಿಂಬಿಯ ರಾಶಿಯ ಕಡೆ ತಿರುಗಿ, “ತೋರಸಪಾ, ಮೊಣಕಾಲು ತೋರಸು ಅವ್ರಿಗೆ,” ಅನ್ನುತ್ತಿದ್ದರು. ತಾಯಿ ತಲೆ ತಗ್ಗಿಸಿ ಹಣ್ಣು ಆರಿಸುತ್ತಲೇ ಇರುತ್ತಿದ್ದಳು. ಅವನು ಕೈ ಒರೆಸಿಕೊಂಡು, ಪಾಯಿಜಾಮ ಮೇಲಕ್ಕೆ ಸರಿಸಿ, ತೋರಿಸುತ್ತಿದ್ದ.