ದೋಣಿಯಲ್ಲಿ ಅಕ್ಕನ ಜಾಗ

ನಮ್ಮಪ್ಪ ಗಾಡಿಗೆ ಕಬ್ಬು ಹೇರುವುದರಲ್ಲಿ ಹನಕೆರೆ ಸುತ್ತಮುತ್ತ ಹೆಸರಾದವನು. ಭಾರ ಹಿಂದಕ್ಕೆ ಬಿದ್ದರೆ ನೊಗ ಮೇಲೆದ್ದು ಎತ್ತಿನ ಕೊರಳ ಹಗ್ಗ ಬಿಗಿಯುತ್ತದೆ, ಮುಂದಕ್ಕೆ ಬಿದ್ದರೆ ಹೆಗಲು ಹುಣ್ಣಾಗುತ್ತದೆ. ದಾರಿಯಲ್ಲಿ ಹಿಂಭಾರ ಅನ್ನಿಸಿತೋ, ಅಪ್ಪ ಗಾಡಿ ನಿಲ್ಲಿಸಿ, ನನ್ನ ಜೊತೆ ಹಿಂದೆ ನಡೆದು ಬರುತ್ತಿದ್ದ ಅಕ್ಕನನ್ನು ಕೂಗುತ್ತಿದ್ದ. "ಬಾ ಕಣವ್ವ, ಮೂಕಿ ಮ್ಯಾಲೆ ಕುಂತ್ಕೋ. ನಿನ್ ಬಾರ ಬೇಕು ನಂಗೆ." ಮೂಕಿ ಅಂದರೆ ಗಾಡಿಯ ಮುಂದಿನ ಮರ. ಅಕ್ಕ ಆಗಲೇ ಗುಂಡಗಿದ್ದಳು. ನಗುತ್ತಾ ಓಡಿಹೋಗಿ ಅಪ್ಪನ ಪಕ್ಕ ಕೂತು ನನ್ನ ಕಡೆ ತಿರುಗಿ ನಾಲಿಗೆ ಚಾಚುತ್ತಿದ್ದಳು. ನಾನು ಸಣಕಲ, ನನ್ನ ಭಾರ ಯಾರಿಗೆ ಬೇಕು? ಧೂಳು ಕುಡಿಯುತ್ತಾ ನಡೆಯುತ್ತಿದ್ದೆ.

ಈಗ ನನಗೆ ನಲವತ್ತು ದಾಟಿದೆ. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆ ಬಿಟ್ಟು ಒಳಗೆ ಹೋದರೆ ಸಿಗುವ ಒಂದು ಕೆರೆಯಲ್ಲಿ ಮೋಟಾರು ದೋಣಿ ಓಡಿಸುತ್ತೇನೆ. ಹಲಗೆ ಮೇಲೆ ನಿಂತವರನ್ನು ದೋಣಿಯ ಹಿಂದೆ ಆಡಿಸುವುದು ನನ್ನ ಕೆಲಸ. ಇದರಲ್ಲಿ ಎರಡು ಥರ. ಹಗ್ಗ ಹಿಡಿದು ಜೋರಾಗಿ ಎಳೆಸಿಕೊಂಡು ಹಾರುವುದು ವೇಕ್‌ಬೋರ್ಡಿಂಗ್, ಅದಕ್ಕೆ ದೋಣಿಯ ಎರಡು ಕಡೆಯೂ ಭಾರ ಸಮ ಇರಬೇಕು. ಇನ್ನೊಂದು ವೇಕ್‌ಸರ್ಫಿಂಗ್. ದೋಣಿ ನಿಧಾನಕ್ಕೆ ಹೋಗುತ್ತದೆ, ಆಡುವವರು ಹಗ್ಗ ಬಿಟ್ಟು ದೋಣಿ ಎಬ್ಬಿಸಿದ ಅಲೆಯ ಮೇಲೆ ಜಾರುತ್ತಾ ಬರುತ್ತಾರೆ. ಅಂಥ ಅಲೆ ಏಳಬೇಕಾದರೆ ಹಿಂದಿನ ಒಂದು ಮೂಲೆಗೆ ಭಾರ ಬಿದ್ದು ದೋಣಿ ಆ ಕಡೆಗೆ ವಾಲಬೇಕು. ಎಡಗಾಲು ಮುಂದಿಟ್ಟು ನಿಲ್ಲುವವರಿಗೆ ಎಡಮೂಲೆ, ಬಲಗಾಲಿನವರಿಗೆ ಬಲಮೂಲೆ. ಅಪ್ಪ ಜನ್ಮವಿಡೀ ತಪ್ಪಿಸಿಕೊಂಡು ಬಂದ ಹಿಂಭಾರವನ್ನು ನಾನು ಬೇಕೂಂತಲೇ ಮಾಡಿ ಸಂಬಳ ಎಣಿಸುತ್ತೇನೆ.

ಭಾರಕ್ಕೆ ನೀರು ತುಂಬುವ ದಪ್ಪ ಚೀಲಗಳಿರುತ್ತವೆ. ಪಂಪಿನಿಂದ ಕೆರೆ ನೀರನ್ನೇ ತುಂಬುವುದು, ಆಟ ಮುಗಿದ ಮೇಲೆ ಕೆರೆಗೇ ಬಿಡುವುದು. ನಮ್ಮದು ಸೆಕೆಂಡ್ ಹ್ಯಾಂಡ್ ದೋಣಿ. ಬರುವಾಗಲೇ ಒಂದು ಚೀಲ ಹರಿದಿತ್ತು. ಪಂಕ್ಚರ್ ಅಂಗಡಿಯಲ್ಲಿ ತೇಪೆ ಹಾಕಿಸಿದೆ, ಎರಡು ದಿನಕ್ಕೆ ಬಿಟ್ಟುಕೊಂಡಿತು. ಮರಳಿನ ಮೂಟೆ ಇಡು ಅಂದ ಮಾಲೀಕ. ದೋಣಿಗೆ ನೀರು ನುಗ್ಗಿದರೆ ಮರಳು ನಮ್ಮನ್ನೂ ಕರೆದುಕೊಂಡೇ ತಳ ಸೇರುತ್ತದೆ, ಆಗುವುದಿಲ್ಲ ಅಂದೆ. ಕೊನೆಗೆ ಲಾರಿ ಟ್ಯೂಬುಗಳಿಗೆ ನೀರು ತುಂಬಿ ಹಗ್ಗದಲ್ಲಿ ಬಿಗಿದೆ. ಗಾಳಿ ಒಂಚೂರೂ ಉಳಿಯದ ಹಾಗೆ ತುಂಬಬೇಕು, ಅರ್ಧ ತುಂಬಿದರೆ ತಿರುವಿನಲ್ಲಿ ನೀರೆಲ್ಲ ಒಂದೇ ಕಡೆ ನುಗ್ಗುತ್ತದೆ. ತುಂಬಿದ ಕೊಡ ತುಳುಕುವುದಿಲ್ಲ ಅಂತ ಸುಮ್ಮನೆ ಹೇಳಿಲ್ಲ. ಇಷ್ಟೆಲ್ಲ ಮಾಡಿದರೂ ಹಿಂದಿನ ಮೂಲೆಯಲ್ಲಿ ಒಂದಾಳಿನ ಭಾರ ಕಮ್ಮಿ ಬೀಳುತ್ತಲೇ ಇತ್ತು.

ಅದೇ ಹೊತ್ತಿಗೆ ಅಕ್ಕ ಬರಲು ಶುರುಮಾಡಿದಳು. ಅವಳನ್ನು ಕೊಟ್ಟದ್ದು ಕೊತ್ತತ್ತಿಗೆ. ಹೆಂಗಸರಿಗೆ ಬಸ್ಸು ಫ್ರೀ ಆದ ಮೇಲೆ ಅವಳಿಗೆ ಕಾಲಿಗೆ ಚಕ್ರ ಕಟ್ಟಿದಂತಾಗಿತ್ತು. ಭಾನುವಾರ ಬೆಳಿಗ್ಗೆ ಮುದ್ದೆ, ಉಪ್ಸಾರನ್ನು ಸ್ಟೀಲ್ ಕ್ಯಾರಿಯರ್‌ಗೆ ಹಾಕಿಕೊಂಡು ಮೂರು ಬಸ್ಸು ಬದಲಾಯಿಸಿ ಬಂದುಬಿಡುವಳು. ಮೊದಲನೇ ದಿನ ದಡದಲ್ಲಿ ನಿಂತು ದೋಣಿಯನ್ನೇ ನೋಡುತ್ತಿದ್ದಳು.

"ನೀನೇ ಓಡ್ಸೀಯೇನ್ಲಾ ಇದ್ನಾ?"

"ಊ ಕಣಕ್ಕ. ಬಾ, ಒಂದು ಸುತ್ತು ಹೋಗ್ಬರಾಣ."

ಪ್ರೀತಿಯಿಂದಲೇ ಕರೆದೆ, ಸುಳ್ಳಲ್ಲ. ಆದರೆ ಅವಳ ಮೈ ನೋಡಿದಾಗ ಹಿಂದಿನ ಮೂಲೆಯೂ ನೆನಪಾಯಿತು, ಅದೂ ಸುಳ್ಳಲ್ಲ. ಸರ್ಫಿಂಗಿನವರು ಕಾಯುತ್ತಿದ್ದರು. ಅಕ್ಕ ನೇರ ಮುಂದೆ ಬಂದು ಸ್ಟೀರಿಂಗಿನ ಪಕ್ಕದ ಸೀಟಿನ ಮೇಲೆ ಕೈಯಿಟ್ಟಳು. "ಇಲ್ಲಿ ಕುಂತ್ಕತೀನಿ, ನಿನ್ ಪಕ್ಕ. ಅಪ್ಪನ್ ಗಾಡೀಲಿ ಕುಂತಂಗೆ."

ಅವಳು ಮುಂದೆ ಕೂತರೆ ಅಲೆ ಸಪ್ಪೆಯಾಗುತ್ತದೆ. "ಮುಂದೆ ಗಾಳಿ ಜಾಸ್ತಿ ಕಣಕ್ಕ, ಕಿವಿ ನೋಯ್ತದೆ. ಹಿಂದೆ ಆ ಮೂಲೇಲಿ ಕೂತ್ಕೋ, ಆರಾಮಾಗಿರ್ತದೆ" ಅಂದೆ. ತನ್ನ ಕಿವಿ ಮೇಲೆ ತಮ್ಮನಿಗೆ ಇಷ್ಟು ಕಾಳಜಿಯಾ ಅನ್ನುವ ಹಾಗೆ ಮುಖ ಅರಳಿಸಿಕೊಂಡು ಹೋಗಿ ಕೂತಳು. ಅವತ್ತು ಅಲೆ ಎದ್ದದ್ದು ನೋಡಬೇಕಿತ್ತು.

ಆಮೇಲೆ ಪ್ರತಿ ಭಾನುವಾರ ಇದೇ ಆಯಿತು. ಬಲಗಾಲಿನವರು ಆಡಲು ಇಳಿದರೆ "ಅಕ್ಕ, ಈ ಕಡೆ ಬಾ, ಕೊಕ್ಕರೆ ಕಾಣ್ತವೆ" ಅನ್ನುವೆ. ವೇಕ್‌ಬೋರ್ಡಿನವರಾದರೆ "ಮಧ್ಯಕ್ಕೆ ಬಾ, ಬಿಸಿಲು ಕಮ್ಮಿ" ಅನ್ನುವೆ. ಅವಳು ಸೆರಗು ಸಿಕ್ಕಿಸಿಕೊಂಡು, ಕ್ಯಾರಿಯರ್ ತಬ್ಬಿಕೊಂಡು ಅತ್ತಿಂದಿತ್ತ ಎದ್ದು ಕೂರುವಳು. ಕೊಕ್ಕರೆ ಕಾಣದಿದ್ದರೂ ಕಂಡವು ಅನ್ನುವಳು. ನನ್ನ ತಮ್ಮ ವಾರವಾರ ದೋಣೀಲಿ ಸುತ್ತಾಡಿಸ್ತಾನೆ, ಕಿವಿಗೆ ಗಾಳಿ ತಗುಲಬಾರದು ಅಂತ ಹಿಂದೆ ಕೂರಿಸ್ತಾನೆ ಅಂತ ಕೊತ್ತತ್ತಿಯ ಹೆಂಗಸರಿಗೆಲ್ಲ ಹೇಳಿಕೊಂಡು ಬಂದಿದ್ದಳು. ಭಾವ ಫೋನಿನಲ್ಲಿ ನಗಾಡಿದರು. "ನಿಮ್ಮಕ್ಕ ದೋಣಿ ದೋಣಿ ಅಂತ ನಮ್ ತಲೆ ತಿಂದಾಕವ್ಳೆ." ನಾನೂ ನಕ್ಕೆ. ಒಂದು ಚೀಲ ಕೊಡಿಸಿ ಅಂತ ಮಾಲೀಕನನ್ನು ಪೀಡಿಸುವುದನ್ನೂ ಬಿಟ್ಟಿದ್ದೆ. ಇದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೆ ಬಿಟ್ಟಿದ್ದು ನಿಜ.

ಒಂದು ಭಾನುವಾರ ನಾಲ್ಕು ಜನ ಬಂದರು, ದೋಣಿ ಪೂರ್ತಿ ತಮಗೇ ಅಂತ ಬುಕ್ ಮಾಡಿಕೊಂಡಿದ್ದರು. ಕೆರೆಯ ನಡುವೆ ಎಂಜಿನ್ ಆಫ್ ಮಾಡಿದೆ. ಅವರಲ್ಲೊಬ್ಬ ಹಲಗೆ ಹಿಡಿದು ನೀರಿಗಿಳಿಯುತ್ತಿದ್ದ, ಇನ್ನೊಬ್ಬ ಅಕ್ಕನ ಕಡೆ ನೋಡಿ ಕೇಳಿದ. "ಈ ಆಂಟಿ ಯಾರು? ಬೋಟ್ ನಮಗೆ ಮಾತ್ರ ಅಂದಿದ್ರಲ್ಲ?"

ನಮ್ಮಕ್ಕ ಸಾರ್ ಅಂದಿದ್ದರೆ ಆಗುತ್ತಿತ್ತು. ಬಂದವರ ದುಡ್ಡಿನಲ್ಲಿ ಮನೆಯವರನ್ನು ಸುತ್ತಾಡಿಸುತ್ತಾನೆ ಅಂತ ಮಾಲೀಕನಿಗೆ ದೂರು ಹೋದೀತು ಅಂತ ಹೆದರಿದೆ. "ಅವರು ಭಾರಕ್ಕೆ ಸಾರ್. ಒಂದು ಚೀಲ ಹರಿದಿದೆ, ಅದರ ಬದಲಿಗೆ" ಅಂದೆ.

ಅವರು ನಕ್ಕರು. ಕೆಟ್ಟ ನಗೆಯೇನಲ್ಲ, ಜಾಣತನಕ್ಕೆ ಮೆಚ್ಚಿದ ನಗೆ. ನಾನೂ ಜೊತೆಗೆ ನಕ್ಕೆ. ಎಂಜಿನ್ ನಿಂತಿತ್ತು, ಗಾಳಿಯೂ ಇರಲಿಲ್ಲ, ಅಕ್ಕ ನನ್ನಿಂದ ನಾಲ್ಕು ಮಾರು ದೂರದಲ್ಲೂ ಇರಲಿಲ್ಲ. ಅವಳು ತಲೆ ಎತ್ತಲಿಲ್ಲ. ಕ್ಯಾರಿಯರಿನ ಕೊಕ್ಕೆಯನ್ನು ತೆಗೆಯುವುದು, ಹಾಕುವುದು ಮಾಡುತ್ತಿದ್ದಳು.

ಮೊದಲನೆಯವನದು ಮುಗಿದ ಮೇಲೆ ಇಳಿದವನು ಬಲಗಾಲಿನವನು. ಕೊಕ್ಕರೆ ಅನ್ನಲು ನಾನು ಬಾಯಿ ತೆಗೆಯುವ ಮೊದಲೇ ಅಕ್ಕ ಎದ್ದಳು. ತಾನಾಗಿಯೇ ಬಲಮೂಲೆಗೆ ಹೋಗಿ ಕೂತು, ನನ್ನ ಮುಖ ನೋಡದೆ ಕೇಳಿದಳು.

"ಈ ಕಡೆ ತಾನೆ?"

ನಾನು ಊ ಅಂದೆ. ಎಂಜಿನ್ ಸ್ಟಾರ್ಟ್ ಮಾಡಿದೆ. ಅಲೆ ಚೆನ್ನಾಗಿಯೇ ಎದ್ದಿತು.

ಊಟ ಬಡಿಸಿದಳು, ಇನ್ನೊಂದು ಮುದ್ದೆ ಇಕ್ಕಲಾ ಅಂತ ಕೇಳಿದಳು, ನಾಲ್ಕು ಗಂಟೆ ಬಸ್ಸಿಗೆ ಹೋದಳು. ಕೋಪ ಮಾಡಿಕೊಂಡಿದ್ದರೆ ಎಷ್ಟೋ ವಾಸಿಯಿತ್ತು. ಅದಾದ ಮೇಲೆ ಕೆರೆ ಕಡೆ ಬರಲಿಲ್ಲ. ಮಂಡಿ ನೋವು ಅಂದಳು, ನಾಟಿ ಕೆಲಸ ಅಂದಳು. ಅಪ್ಪ ಅವಳನ್ನು ಭಾರಕ್ಕೇ ಕೂರಿಸಿಕೊಳ್ಳುತ್ತಿದ್ದ, ಆದರೆ ನಿನ್ನ ಭಾರ ಬೇಕು ಅಂತ ಮುಖಕ್ಕೇ ಹೇಳುತ್ತಿದ್ದ. ನಾನೂ ಹಾಗೆ ಹೇಳಿದ್ದರೆ ಹೊಟ್ಟೆ ಕುಲುಕಿಸಿ ನಕ್ಕು, ಮೂಟೆ ಹಾಗೆ ಮೂಲೆಯಲ್ಲಿ ಕೂತು, ಊರಿಗೆಲ್ಲ ಅದನ್ನೂ ಹೇಳಿಕೊಂಡು ಬರುತ್ತಿದ್ದಳು. ನಾನು ಕಿವಿ, ಕೊಕ್ಕರೆ, ಬಿಸಿಲು ಅಂತ ಅದಕ್ಕೆ ಅಕ್ಕರೆಯ ವೇಷ ಹಾಕಿದೆ. ಅವಳು ಅದನ್ನು ನಂಬಿದ್ದಳು.

ಮುಂದಿನ ತಿಂಗಳು ಸೋಮನಹಳ್ಳಿಯಲ್ಲಿ ಟಾರ್ಪಾಲ್ ಹೊಲಿಯುವವನ ಹತ್ತಿರ ನಾನೇ ಹೇಳಿ ಒಂದು ಚೀಲ ಮಾಡಿಸಿದೆ. ತೊಟ್ಟು ನೀರು ಸೋರಲಿಲ್ಲ. ಈ ಕೆಲಸ ಎರಡು ವರ್ಷ ಮೊದಲೇ ಆಗಬಹುದಿತ್ತು.

ಹೋದ ವಾರ ಕೊತ್ತತ್ತಿಗೆ ಹೋಗಿದ್ದೆ. ಅಕ್ಕ ಜಗುಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಸಕ್ಕರೆ ಕಾಯಿಲೆಗೆ ಪಥ್ಯ ಮಾಡಿ ಅರ್ಧಕ್ಕಿಳಿದಿದ್ದಾಳೆ, ಬಳೆ ಮೊಣಕೈವರೆಗೂ ಜಾರುತ್ತದೆ. ತಪ್ಪಾಯಿತು ಅಂತ ಹೇಳಲೆಂದೇ ಹೋದವನು ನಾನೂ ಕಾಯಿ ಸುಲಿಯುತ್ತಾ ಕೂತೆ. ಪಕ್ಕದ ಹೊಲಕ್ಕೆ ದನ ನುಗ್ಗಿದರೆ ಆ ಹೊಲದವನಿಗೆ ತಪ್ಪಾಯ್ತು ಅನ್ನಲು ನಮಗೆ ಬಾಯಿ ಬರುತ್ತದೆ. ಒಡಹುಟ್ಟಿದವಳ ಹತ್ತಿರ ಬರುವುದಿಲ್ಲ.

"ಅಲೆ ಸಂದಾಗಿ ಏಳ್ತದೇನ್ಲಾ?" ಅವಳೇ ಕೇಳಿದಳು.

"ಏಳ್ತದೆ ಕಣಕ್ಕ. ಹೊಸ ಚೀಲ ಹಾಕ್ಸಿದೀನಿ."

"ಹಂಗಾರೆ ಸರಿ ಬುಡು."

ಇದೇ ಸಮಯ ಅಂದುಕೊಂಡೆ. "ನಾಳೆ ಯಾರ್ದೂ ಬುಕಿಂಗ್ ಇಲ್ಲ. ನೀನೊಬ್ಳೇ ಬಾ. ಮುಂದ್ಗಡೆ, ನನ್ನ ಪಕ್ಕ ಕೂತ್ಕೋ. ಎಷ್ಟು ಸುತ್ತು ಬೇಕಾದ್ರೂ ಹೋಗಾಣ."

ಅಕ್ಕ ಮೊರವನ್ನು ಒಮ್ಮೆ ಕುಲುಕಿ ಕಾಳನ್ನೆಲ್ಲ ಒಂದು ಕಡೆಗೆ ಮಾಡಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಕೊಂಕೂ ಇರಲಿಲ್ಲ.

"ಬ್ಯಾಡ ಕಣಪ್ಪ" ಅಂದಳು. "ಮುಂದ್ಗಡೆ ಗಾಳಿ ಜಾಸ್ತಿ. ಕಿವಿ ನೋಯ್ತದೆ."