ಬೆಟಗೇರಿಯಲ್ಲಿ ಅಂಟಿಸಿದ ಭೂಗೋಳ

ಮುಂಡರಗಿಗೆ ಹೊರಟವನು ಬೆಟಗೇರಿಯಲ್ಲಿ, ಪುಸ್ತಕಗಳಿಗೆ ರಟ್ಟು ಕಟ್ಟುವ ಗುರಪ್ಪನ ಅಂಗಡಿಯ ಕಟ್ಟೆಯ ಮೇಲೆ ಕುಳಿತಿದ್ದೆ. ಅವನೂ ಪತ್ನಿ ಈರವ್ವನೂ ಶಾಲೆಯೊಂದಕ್ಕಾಗಿ ಯುರೋಪಿನಲ್ಲಿ ಹಿಂದೆ ಮಾಡುತ್ತಿದ್ದಂಥ ಭೂಗೋಳದ ಪ್ರತಿಕೃತಿಯನ್ನು ಸಿದ್ಧಪಡಿಸುತ್ತಿದ್ದರು. ಶತಮಾನಗಳ ಹಿಂದೆ ಅಲ್ಲಿಯವರು ಭೂಪಟವನ್ನು ದೋಣಿಯಾಕಾರದ ಪಟ್ಟಿಗಳಾಗಿ ಮುದ್ರಿಸಿ ಚೆಂಡಿಗೆ ಅಂಟಿಸುತ್ತಿದ್ದರಂತೆ. ಇಲ್ಲಿ ಕೊನೆಯ ಪಟ್ಟಿಗೆ ಅಂಟು ಹಚ್ಚಿಯಾಗಿತ್ತು. ಅದು ಸುಕ್ಕಾದರೆ ಬೇರೊಂದಿರಲಿಲ್ಲ. ಗುರಪ್ಪ ಗೋಳವನ್ನು ಪಾದಗಳ ನಡುವೆ ಬಿಗಿಹಿಡಿದ.

ನಿತ್ಯವೂ ಭೂದೇವಿಯ ಕ್ಷಮೆ ಬೇಡಿಯೇ ನೆಲಕ್ಕೆ ಕಾಲಿಡುವ ನಾನು, "ಭೂಮಿಗೆ ಕಾಲು ಹಚ್ಚಬ್ಯಾಡಪಾ!" ಎಂದುಬಿಟ್ಟೆ.

"ಮತ್ತ ನೀವು ಎದರ ಮ್ಯಾಲ ಅಡ್ಡಾಡ್ತೀರಿ, ಅಜ್ಜಾರ?" ಈರವ್ವ ನಕ್ಕಳು. "ಅಂಟು ಒಣಗಾಕತ್ತೈತಿ, ಜಲ್ದಿ ಹೇಳ್ರಿ."

ಕಟ್ಟೆಯಿಂದ ಕೆಳಗಿಳಿದು ಕುಳಿತು, ಗೋಳವನ್ನು ಮಡಿಲಿಗೆ ತೆಗೆದುಕೊಂಡೆ. ಆಕೆ ಪಟ್ಟಿಯನ್ನು ಮೆಲ್ಲನೆ ಒತ್ತಿದಳು. ಸೀಳಿದ್ದ ಸಮುದ್ರದ ಅಂಚುಗಳು ಕೂಡಿದವು.

"ಆತು. ಒಣಗೋ ತನಕಾ ಅಲ್ಲಾಡಬ್ಯಾಡ್ರಿ," ಎಂದ ಗುರಪ್ಪ.

ನಾನು ಉಸಿರನ್ನೂ ಸಣ್ಣಗೆ ಬಿಟ್ಟೆ.